ಹೆಣ ಎಲ್ಲಿದೆ ಅಂತ ಮೊದಲೇ ಗೊತ್ತು

ನಿನ್ನೆ ರಾತ್ರಿ ಟಿವಿಯಲ್ಲಿ ‘ದೃಶ್ಯ’ ಬರುತ್ತಿತ್ತು. 2014ರ ಕನ್ನಡದ್ದು, ರವಿಚಂದ್ರನ್ ಅವರದು. ಅಮ್ಮನಿಗೆ ಅದೇ ಇಷ್ಟ. ನನಗೋ 2013ರ ಮಲಯಾಳಂ ‘ದೃಶ್ಯಂ’ ತಲೆಯಿಂದ ಇಳಿಯುವುದಿಲ್ಲ. ಮೋಹನ್‌ಲಾಲ್ ಸುಮ್ನೆ ನಿಂತರೂ ಸಾಕು, ಹೆದರಿಕೆ ಆಗುತ್ತದೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಬೆಳೆದವರ ಪಾಡೇ ಇದು. ರಿಮೇಕ್ ಬರುವ ಹೊತ್ತಿಗೆ ಹೆಣ ಎಲ್ಲಿದೆ ಅಂತ ನಮಗೆ ಗೊತ್ತಿರುತ್ತದೆ!

ಆದರೆ ‘ಆಪ್ತಮಿತ್ರ’ ಅಂದರೆ ನಾನು ಪಕ್ಷ ಬದಲಿಸುತ್ತೇನೆ. ಅದರ ಮಲಯಾಳಂ ಮೂಲ ‘ಮಣಿಚಿತ್ರತ್ತಾಳ್’ ದೊಡ್ಡ ಸಿನಿಮಾ, ಒಪ್ಪಿದೆ. ಶೋಭನಾಗೆ ರಾಷ್ಟ್ರಪ್ರಶಸ್ತಿ ಬಂದದ್ದೂ ಸರಿಯೇ. ಆದರೂ ಸೌಂದರ್ಯ ನಾಗವಲ್ಲಿ ಆದಾಗ ನನ್ನ ಕೈಯ ರೋಮ ಈಗಲೂ ಏಳುತ್ತದೆ. ಚಿಕ್ಕಂದಿನಲ್ಲಿ ಮೊದಲು ನೋಡಿದ್ದು ಅದನ್ನೇ, ಅದಕ್ಕೂ ಇರಬಹುದು.

ರಿಷಬ್ ಶೆಟ್ಟಿ 2018ರಲ್ಲಿ ನಮ್ಮ ಜಿಲ್ಲೆಯ ಕನ್ನಡ ಶಾಲೆಯ ಕಥೆ ಮಾಡಿದ್ದರಲ್ಲ, ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’, ಅದರಲ್ಲಿ ಕನ್ನಡ ಬಾರದ ಮಾಷ್ಟ್ರು ಬಂದಾಗ ಥಿಯೇಟರ್ ಪೂರ್ತಿ ನಕ್ಕಿತು. ನಾನೂ ನಕ್ಕೆ, ಆದರೆ ಅರ್ಧಕ್ಕೇ ನಿಲ್ಲಿಸಿದೆ. ಎಂಟನೇ ಕ್ಲಾಸಿನಲ್ಲಿ ನಮಗೂ ಅಂಥವರೊಬ್ಬರು ಇದ್ದರು. ಪಾಪ, ಅವರದ್ದೇನು ತಪ್ಪು? ಬೋರ್ಡ್ ನೋಡಿ ಬರೆದುಕೊಂಡೇ ವರ್ಷ ಕಳೆದೆವು.

ಈಗ ಅಮ್ಮನ ಸೀರಿಯಲ್ ಟೈಮ್. ರಿಮೋಟ್ ಕೇಳುವ ಧೈರ್ಯ ನನಗಿಲ್ಲ.