ಕೆಂಪು ಮುಚ್ಚಳದ ಮೇಲೊಂದು ಬಿಳಿ ಹಕ್ಕಿ

ಸಿಡ್ನಿಯಲ್ಲಿ ಆರು ದಿನ ಇದ್ದೆವು. ಒಪೇರಾ ಹೌಸ್, ಹಾರ್ಬರ್ ಸೇತುವೆ ಎಲ್ಲ ನೋಡಿದೆವು, ಚೆನ್ನಾಗಿವೆ. ಆದರೆ ಮನಸ್ಸಲ್ಲಿ ಉಳಿದಿರುವುದು ಸ್ಟ್ಯಾನ್‌ವೆಲ್ ಪಾರ್ಕ್‌ನ ಒಂದು ಬೆಳಗ್ಗೆ.

ಅದು ಸಿಡ್ನಿಯ ದಕ್ಷಿಣಕ್ಕಿರುವ ಕಡಲ ಪಕ್ಕದ ಊರು. ಸೆಂಟ್ರಲ್ ಸ್ಟೇಷನ್ನಿಂದ ರೈಲಿದೆ. ಒಂದು ರಾತ್ರಿ ಅಲ್ಲೇ ಉಳಿದೆವು. ಬೆಳಗ್ಗೆ ಎದ್ದು ನೋಡಿದರೆ ಬಾಲ್ಕನಿಯಲ್ಲಿ ಒಣಗಲು ಬಿಟ್ಟಿದ್ದ ನನ್ನ ಚಪ್ಪಲಿಯ ಪಟ್ಟಿ ತುಂಡು ತುಂಡು! ಕಾಕಟೂ ಅನ್ನುವ ಗಿಳಿ ಜಾತಿಯ ಹಕ್ಕಿಗಳ ಕೆಲಸ. ಮನೆ ಕೊಟ್ಟವರು ಒಂದು ಮಾತು ಹೇಳಬಹುದಿತ್ತು ಅಲ್ವಾ? ಅಲ್ಲಿಗೆ ಹೋದರೆ ರಾತ್ರಿ ಹೊರಗೆ ಏನನ್ನೂ ಬಿಡಬೇಡಿ.

ಅವತ್ತು ಕಸದ ಗಾಡಿ ಬರುವ ದಿನ. ರಸ್ತೆ ಬದಿಯಲ್ಲಿ ಕೆಂಪು ಮುಚ್ಚಳದ ಡಬ್ಬಿಗಳು ಸಾಲಾಗಿ ನಿಂತಿದ್ದವು. ಒಂದು ಕಾಕಟೂ ಬಂದು ಕೂತಿತು. ಸುಮಾರು ಅರ್ಧ ಮೀಟರ್ ಉದ್ದದ ಹಕ್ಕಿ, ಮೈಯೆಲ್ಲ ಬಿಳಿ, ತಲೆ ಮೇಲೆ ಹಳದಿ ಜುಟ್ಟು. ಮುಚ್ಚಳದ ಅಂಚಿಗೆ ಕೊಕ್ಕು ಹಾಕಿ ಎತ್ತಿತು. ಬಿಡಲಿಲ್ಲ. ಎತ್ತಿ ಹಿಡಿದುಕೊಂಡೇ ಡಬ್ಬಿಯ ಅಂಚಿನ ಮೇಲೆ ಅಡ್ಡಡ್ಡ ಹೆಜ್ಜೆ ಇಡುತ್ತಾ ಹಿಂದಕ್ಕೆ ಹೋಯಿತು. ಮುಚ್ಚಳ ದಪ್ ಅಂತ ಆಚೆ ಬಿತ್ತು. ಆಮೇಲೆ ಎಡಗಾಲಲ್ಲಿ ಬ್ರೆಡ್ ಚೂರು ಹಿಡಿದು ನಿಧಾನವಾಗಿ ತಿಂದಿತು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ.

ಪಕ್ಕದ ಮನೆಯ ಅಜ್ಜಿ ಹೊರಗೆ ಬಂದರು. "ಮೊದಲು ಮುಚ್ಚಳದ ಮೇಲೆ ಇಟ್ಟಿಗೆ ಇಟ್ಟೆ. ತಳ್ಳಿಬಿಟ್ಟವು. ಈಗ ಹಿಂದಿನ ಸಂದಿಗೆ ಹಳೇ ಶೂ ಸಿಕ್ಕಿಸಿದೀನಿ" ಅಂದರು.

"ಕೋಪ ಬರಲ್ವಾ?"

"ರಸ್ತೆ ಗುಡಿಸುವಾಗ ಬರುತ್ತೆ. ಆದ್ರೆ ಇವು ಒಂದನ್ನೊಂದು ನೋಡಿ ಕಲಿತಿರೋದು. ಯಾರೂ ಹೇಳಿಕೊಟ್ಟಿಲ್ಲ."

ಅವರ ಮಾತು ನಿಜ. 2021ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಬಂತು. 2018ಕ್ಕೆ ಮುಂಚೆ ಮೂರು ಬಡಾವಣೆಗಳಲ್ಲಷ್ಟೇ ಇದ್ದ ಈ ವಿದ್ಯೆ 2019ರ ಕೊನೆಗೆ 44 ಬಡಾವಣೆಗಳಲ್ಲಿ ಕಂಡಿತ್ತು. ತೆಗೆಯುವ ರೀತಿಯೂ ಊರಿಂದ ಊರಿಗೆ ಸ್ವಲ್ಪ ಬೇರೆಯಂತೆ. ನಮ್ಮ ಮಾತಿನ ಹಾಗೆಯೇ! ನನಗೆ ತುಂಬಾ ಹಿಡಿಸಿದ್ದು ಇದೇ.

ಬೇಲಿ ಮೇಲೆ ಇನ್ನೊಂದು ಕಾಕಟೂ ಕತ್ತು ಓರೆ ಮಾಡಿ ಇದನ್ನೆಲ್ಲ ನೋಡುತ್ತಿತ್ತು. ಅದೂ ಹಾರಿ ಬಂದು ಪಕ್ಕದ ಡಬ್ಬಿಯ ಮುಚ್ಚಳ ಎತ್ತಿತು. ಜಾರಿ ಬಿತ್ತು. ಮತ್ತೆ ಎತ್ತಿತು. ಮತ್ತೆ ಬಿತ್ತು.

ನಮ್ಮ ರೈಲಿಗೆ ಹೊತ್ತಾಗಿತ್ತು. ರಸ್ತೆಯ ತಿರುವಿನಲ್ಲಿ ತಿರುಗಿ ನೋಡಿದೆ. ಅದು ಮುಚ್ಚಳವನ್ನು ಕೊಕ್ಕಲ್ಲಿ ಹಿಡಿದು ಒಂದು ಹೆಜ್ಜೆ ಅಡ್ಡಕ್ಕೆ ಇಟ್ಟಿತ್ತು.