“ಅಷ್ಟು ರೊಕ್ಕ ಎಲ್ಲಿಂದ ಬರ್ತಾವ್ರೀ?”

ನಾನು ಹತ್ತಿ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಮಳೆಗಾಲ ಬಂತೆಂದರೆ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಯಾವುದಾದರೂ ದೇಶಕ್ಕೆ ಹೋಗಿ ಬರುತ್ತೇನೆ. ಹಾಗಾಗಿ ರಾಯಚೂರಿನಲ್ಲಿ ಯಾರು ಎದುರಾದರೂ ಕೇಳುವುದು ಇದೊಂದೇ: “ಅಷ್ಟು ರೊಕ್ಕ ಎಲ್ಲಿಂದ ಬರ್ತಾವ್ರೀ ನಿಮಗ?” ಕೆಲವರಿಗೆ ನಿಜವಾಗಿಯೂ ತಿಳಿದುಕೊಳ್ಳುವ ಆಸೆ. ಕೆಲವರದು ಬರೀ ಅನುಮಾನ. ಇಬ್ಬರಿಗೂ ಉತ್ತರ ಒಂದೇ.

ರೊಕ್ಕ ಸಂಬಳದಲ್ಲೇ ಬರುತ್ತದೆ. ತಿಂಗಳಿಗೆ ನಾಲ್ಕು ಸಾವಿರ ಆರ್‌ಡಿ ಕಟ್ಟುತ್ತೇನೆ. ವರ್ಷ ತುಂಬುವಾಗ ಅದು ಐವತ್ತು ಸಾವಿರದ ಹತ್ತಿರ ಬರುತ್ತದೆ. ಅಷ್ಟರಲ್ಲೇ ಹೋಗಿ ಬರಬೇಕು, ಅಷ್ಟರಲ್ಲೇ ಆಗುತ್ತದೆ ಕೂಡ. ನಾನು ಭಾರಿ ಜುಗ್ಗ ಎಂದಲ್ಲ (ಮನೆಯವರ ಅಭಿಪ್ರಾಯ ಬೇರೆ). ಯಾವ ತಿಂಗಳು ಹೋಗುತ್ತೀರಿ, ಯಾವ ದೇಶಕ್ಕೆ ಹೋಗುತ್ತೀರಿ, ಇವೆರಡು ಸರಿಯಾಗಿ ಕೂತರೆ ಮುಕ್ಕಾಲು ಲೆಕ್ಕ ಅಲ್ಲಿಗೇ ಮುಗಿಯಿತು. ಅವೆರಡು ತಪ್ಪಿದರೆ, ಆಮೇಲೆ ಒಂದು ಹೊತ್ತಿನ ಊಟ ಬಿಟ್ಟು ಉಳಿಸುವ ದುಡ್ಡು ಯಾವ ಮೂಲೆಗೂ ಸಾಲುವುದಿಲ್ಲ.

ಮೊದಲು ತಿಂಗಳು. ಏಪ್ರಿಲ್-ಮೇನಲ್ಲಿ ಮಕ್ಕಳಿಗೆ ರಜೆ, ಡಿಸೆಂಬರಿನಲ್ಲಿ ಹೊಸ ವರ್ಷದ ಗದ್ದಲ. ಎಲ್ಲರೂ ಹೊರಡುವಾಗ ನಾವೂ ಹೊರಟರೆ ಟಿಕೆಟ್ ದುಬಾರಿ ಆಗದೆ ಇನ್ನೇನು? ನಮ್ಮ ಮಿಲ್ಲು ದಸರಾ-ದೀಪಾವಳಿ ಹೊತ್ತಿಗೆ ಶುರುವಾದರೆ ಬೇಸಿಗೆವರೆಗೆ ತಲೆ ಎತ್ತಲು ಬಿಡುವುದಿಲ್ಲ. ಹತ್ತಿ ಮುಗಿದು, ಮಶೀನು ಬಿಚ್ಚಿ ರಿಪೇರಿಗೆ ಕೂರಿಸುವುದು ಜೂನ್-ಜುಲೈನಲ್ಲಿ. ನನಗೆ ರಜೆ ಸಿಗುವುದೇ ಆಗ. ಅಷ್ಟರಲ್ಲಿ ಶಾಲೆಗಳೂ ಶುರುವಾಗಿರುತ್ತವೆ, ಟಿಕೆಟ್ ರೇಟೂ ಇಳಿದಿರುತ್ತದೆ.

“ಆಗ ಮಳೆ ಅಲ್ವಾ?” ಅಂತ ಕೇಳುತ್ತೀರಿ. ಎಲ್ಲ ಕಡೆ ಅಲ್ಲ. ವಿಯೆಟ್ನಾಂ ಉದ್ದನೆಯ ದೇಶ. ಜುಲೈನಲ್ಲಿ ಉತ್ತರದ ಹನೋಯಿಯಲ್ಲೂ ದಕ್ಷಿಣದ ಹೋ ಚಿ ಮಿನ್ ಸಿಟಿಯಲ್ಲೂ ಮಳೆ. ನಡುವಿನ ದಾ ನಾಂಗ್, ಹೊಯ್ ಆನ್ ಕಡೆ ಮಾತ್ರ ಬಿಸಿಲು. ಅಲ್ಲಿ ಮಳೆ ಜೋರು ಹಿಡಿಯುವುದು ಸೆಪ್ಟೆಂಬರ್ ಆದಮೇಲೆ. ಜುಲೈನಲ್ಲಿ ಅಲ್ಲಿಗೆ ಬಂದ ಬೇರೆ ದೇಶದವರು ಸೆಕೆಗೆ ಅಯ್ಯಪ್ಪಾ ಅನ್ನುತ್ತಿರುತ್ತಾರೆ. ರಾಯಚೂರಿನಲ್ಲಿ ಮೇ ತಿಂಗಳು ಕಳೆದು ಬಂದವರಿಗೆ ಅದು ಸೆಕೆಯೇ ಅಲ್ಲ. ಒಂದು ಮಾತು ನೆನಪಿಡಿ: ಆಗ ಅಲ್ಲಿನ ಮಕ್ಕಳಿಗೂ ರಜೆ. ಶನಿವಾರ, ಭಾನುವಾರ ಬೀಚಿನ ಹತ್ತಿರ ರೂಮು ಕೇಳಬೇಡಿ. ಸೋಮವಾರ ಹೋಗಿ.

ಇನ್ನು ದೇಶ. ಎಲ್ಲರೂ ಟಿಕೆಟ್ ರೇಟು ನೋಡಿ ದೇಶ ಆರಿಸುತ್ತಾರೆ. ದುಬೈ, ಸಿಂಗಪುರದ ಟಿಕೆಟ್ ಒಮ್ಮೊಮ್ಮೆ ಬಹಳ ಅಗ್ಗ ಸಿಗುತ್ತದೆ, ನಿಜ. ಆದರೆ ಟಿಕೆಟ್ ಒಂದು ಸಲದ ಖರ್ಚು, ರೂಮು-ಊಟ ದಿನಾ ಇರುವ ಖರ್ಚು. ನಾನು ನೋಡುವುದು ಒಂದು ರಾತ್ರಿಗೆ ರೂಮು ಎಷ್ಟು, ಒಂದು ಊಟ ಎಷ್ಟು ಅನ್ನುವುದನ್ನು. ಹೊಯ್ ಆನ್‌ನಲ್ಲಿ ಎಂಟುನೂರು, ಒಂಬೈನೂರು ರೂಪಾಯಿಗೆ ಇಬ್ಬರು ಮಲಗುವ ಚೊಕ್ಕ ರೂಮು ಸಿಕ್ಕಿತು. ನೂರರಿಂದ ನೂರೈವತ್ತು ರೂಪಾಯಿಗೆ ಹೊಟ್ಟೆ ತುಂಬಿತು. ಆ ದುಡ್ಡಿಗೆ ಬೆಂಗಳೂರಿನಲ್ಲಿ ಅಂಥ ರೂಮು ಹುಡುಕಿ ನೋಡಿ!

ಇಪ್ಪತ್ತು ಸಾವಿರವೂ ಇಲ್ಲ ಅನ್ನುವವರು ನೇಪಾಳದಿಂದ ಶುರು ಮಾಡಿ. ನಮಗೆ ವೀಸಾ ಬೇಡ, ಪಾಸ್‌ಪೋರ್ಟ್ ಇಲ್ಲದಿದ್ದರೆ ವೋಟರ್ ಐಡಿ ಸಾಕು. ಗೋರಖ್‌ಪುರದವರೆಗೆ ರೈಲು, ಅಲ್ಲಿಂದ ಸುನೌಲಿಗೆ ಬಸ್ಸು, ಆಮೇಲೆ ಗಡಿಯನ್ನು ನಡೆದೇ ದಾಟುವುದು. ನಮ್ಮ ಒಂದು ರೂಪಾಯಿಗೆ ಅವರದು 1.60. ಈ ದರ ಏರಿಳಿಯುವುದಿಲ್ಲ, ಲೆಕ್ಕ ಸುಲಭ.

ನಮ್ಮ ಊರಿನವರಿಗೆ ಒಂದು ಅನುಕೂಲ ಇದೆ, ಬಹಳ ಜನ ಅದನ್ನು ಬಳಸುವುದಿಲ್ಲ. ವಿಮಾನ ಅಂದರೆ ಬೆಂಗಳೂರು ಅಂತಲೇ ತಲೆಯಲ್ಲಿ ಕೂತಿದೆ. ರಾಯಚೂರಿಗೆ ಹತ್ತಿರ ಇರುವುದು ಹೈದರಾಬಾದ್. ಮೆಹಬೂಬ್‌ನಗರದ ಮೇಲೆ ಹೋಗುವ ಬಸ್ಸಿಗೆ ಶಂಶಾಬಾದ್ ಸಿಗುವುದು ಸಿಟಿಗಿಂತ ಮುಂಚೆ. ಅಲ್ಲೇ ಇಳಿದು ಆಟೋ ಹಿಡಿದರೆ ವಿಮಾನ ನಿಲ್ದಾಣ. ಸಿಟಿಯ ಟ್ರಾಫಿಕ್ ಕಾಣುವ ಗೊಡವೆಯೇ ಇಲ್ಲ.

ಪಾಸ್‌ಪೋರ್ಟ್ ಮಾಡಿಸುವವರಿಗೆ ಒಂದು ಎಚ್ಚರಿಕೆ. ಶುಲ್ಕ 1500 ರೂಪಾಯಿ, ಹತ್ತು ವರ್ಷ ನಡೆಯುತ್ತದೆ. ತೊಡಕು ಹೆಸರಿನದು. ನಮ್ಮ ಕಡೆ ಎಷ್ಟೋ ಜನರಿಗೆ ಬರೀ ಹೆಸರು, ಹಿಂದೆ ಮುಂದೆ ಏನೂ ಇಲ್ಲ. ಅಡ್ಡಹೆಸರಿನ (ಸರ್ ನೇಮ್) ಜಾಗ ಖಾಲಿ ಬಿಟ್ಟು ಪಾಸ್‌ಪೋರ್ಟ್ ಮಾಡಿಸಿದರೆ ಟಿಕೆಟ್ ಬುಕ್ ಮಾಡುವಾಗಲೇ ಕಾಟ ಶುರು. 2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರನ್ನು ಪ್ರವಾಸಿ ವೀಸಾದ ಮೇಲೆ ಒಳಗೆ ಬಿಡುವುದಿಲ್ಲ ಎಂದಿತು. ಎರಡನೇ ಪುಟದಲ್ಲಿ ತಂದೆಯ ಹೆಸರಿದ್ದರೆ ನಡೆಯುತ್ತದೆ ಎಂದು ಆಮೇಲೆ ಸ್ಪಷ್ಟ ಮಾಡಿದರು. ಅಪ್ಪನ ಹೆಸರನ್ನೋ ಮನೆತನದ ಹೆಸರನ್ನೋ ದಾಖಲೆಗಳಲ್ಲಿ ಮೊದಲೇ ಸೇರಿಸಿಕೊಂಡರೆ ಒಳ್ಳೆಯದು.

ವಿಯೆಟ್ನಾಂ ಇ-ವೀಸಾ ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಮೇಲೆ ಬರುವ ಸೈಟುಗಳೆಲ್ಲ ಸರ್ಕಾರದ್ದಲ್ಲ. ಅದೇ ಫಾರಂ, ದುಡ್ಡು ಮಾತ್ರ ಎರಡು ಮೂರು ಪಟ್ಟು. ವಿಳಾಸದ ಕೊನೆಗೆ ‘ಗವ್ ಡಾಟ್ ವಿಎನ್’ ಇದೆಯಾ ನೋಡಿಕೊಳ್ಳಿ.

ದುಡ್ಡಿನ ವಿಷಯಕ್ಕೆ ಬಂದರೆ, ವೃತ್ತಿಯಿಂದ ಬಂದ ಚಾಳಿಯೋ ಏನೋ, ನನಗೆ ಚಿಲ್ಲರೆ ಸೋರಿಕೆ ಕಂಡರೆ ಆಗುವುದಿಲ್ಲ. ಕಾರ್ಡ್ ಉಜ್ಜಿದಾಗ ಮಶೀನಿನಲ್ಲಿ ಎರಡು ಸಾಲು ಬರುತ್ತವೆ: ರೂಪಾಯಿಯಲ್ಲಿ ಕೊಡುತ್ತೀರಾ, ವಿಯೆಟ್ನಾಮಿನ ದುಡ್ಡಾದ ಡಾಂಗ್‌ನಲ್ಲಿ ಕೊಡುತ್ತೀರಾ? ರೂಪಾಯಿ ಕಂಡ ಖುಷಿಗೆ ನಮ್ಮ ಬೆರಳು ಅದರ ಮೇಲೇ ಹೋಗುತ್ತದೆ. ಒತ್ತಬೇಡಿ. ಆ ರೂಪಾಯಿಯ ದರ ಅವರು ಹಾಕಿದ್ದು, ನಮಗೆ ಅದರಲ್ಲಿ ಲಾಸು. ಯಾವ ದೇಶದಲ್ಲಿದ್ದೀರೋ ಆ ದೇಶದ ದುಡ್ಡನ್ನೇ ಆರಿಸಿ. ಥಾಯ್ಲೆಂಡಿನ ಎಟಿಎಂಗಳು ನಮ್ಮ ಕಾರ್ಡಿಗೆ ಒಂದು ಸಲಕ್ಕೆ 200 ಬಾಟ್‌ಗಿಂತ ಜಾಸ್ತಿ ಕೀಳುತ್ತವೆ. ಅಲ್ಲಿ ಸ್ವಲ್ಪ ಸ್ವಲ್ಪ ತೆಗೆಯುವ ಬದಲು ಒಂದೇ ಸಲ ತೆಗೆಯಿರಿ.

ವಿಯೆಟ್ನಾಮಿನ ನೋಟುಗಳನ್ನು ಮಾತ್ರ ಬೆಳಕಿನಲ್ಲಿ ಹಿಡಿದು ನೋಡಿ ಕೊಡಬೇಕು. ಇಪ್ಪತ್ತು ಸಾವಿರದ ನೋಟೂ ನೀಲಿ, ಐದು ಲಕ್ಷದ ನೋಟೂ ನೀಲಿ. ಎರಡೂ ನುಣುಪಾದ ಪ್ಲಾಸ್ಟಿಕ್, ಎರಡರ ಮೇಲೂ ಅವರ ನಾಯಕ ಹೋ ಚಿ ಮಿನ್ ಮುಖ. ಒಂದು ನಮ್ಮ ಎಪ್ಪತ್ತು ರೂಪಾಯಿಯಷ್ಟು, ಇನ್ನೊಂದು ಸಾವಿರದ ಏಳುನೂರರಷ್ಟು. ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ, ರಾತ್ರಿ ಹೊತ್ತು, ಸೊನ್ನೆ ಎಣಿಸುತ್ತಾ ಕೂರುವುದು ಬೇಡ. ನಾನು ಐದು ಲಕ್ಷದ ನೋಟನ್ನು ಬೇರೆ ಜೇಬಿನಲ್ಲೇ ಇಡುತ್ತೇನೆ.

ಊಟದ ಪ್ರಶ್ನೆ ಬಾರದೆ ಇರುವುದಿಲ್ಲ. “ಅಲ್ಲಿ ಎಲ್ಲ ಹುಳಹುಪ್ಪಟಿ ತಿಂತಾರಂತಲ್ರೀ?” ನಾವು ಮನೆಯಲ್ಲಿ ಮಾಂಸ ತಿನ್ನದವರು. ಆದರೂ ಉಪವಾಸ ಬಿದ್ದಿಲ್ಲ. ವಿಯೆಟ್ನಾಮಿನಲ್ಲಿ ‘ಚಾಯ್’ ಅಂತ ಬೋರ್ಡಿದ್ದರೆ ಅದು ಸಸ್ಯಾಹಾರದ ಅಂಗಡಿ. ಬೌದ್ಧರು ಹುಣ್ಣಿಮೆಗೂ, ಚಾಂದ್ರಮಾಸದ ಮೊದಲ ದಿನವೂ ಮಾಂಸ ಬಿಡುತ್ತಾರೆ. ನಮ್ಮವರು ಅಮಾವಾಸ್ಯೆ, ಹುಣ್ಣಿಮೆ ಮಾಡುವ ಹಾಗೆಯೇ ಅನ್ನಿ. ಆ ದಿನ ಆ ಅಂಗಡಿಗಳಲ್ಲಿ ಕೂರಲು ಜಾಗ ಸಿಗುವುದಿಲ್ಲ. ತಟ್ಟೆಯಲ್ಲಿ ಅನ್ನ, ಎಣ್ಣೆಯಲ್ಲಿ ಕರಿದ ತೋಫು (ಸೋಯಾ ಪನೀರು), ಹುರಿದ ಸೊಪ್ಪು, ಜೊತೆಗೆ ಒಂದು ಬಟ್ಟಲು ತಿಳಿ ಸಾರು. ಖಾರ ಕಮ್ಮಿ. ಆ ಕೊರತೆ ತುಂಬಲು ಚೀಲದಲ್ಲಿ ಶೇಂಗಾ ಹಿಂಡಿ (ಚಟ್ನಿಪುಡಿ) ಇರುತ್ತದೆ, ಖಡಕ್ ರೊಟ್ಟಿಯೂ ಇರುತ್ತದೆ. ತಿಂಗಳಿಟ್ಟರೂ ಕೆಡದ ಊಟ ನಮ್ಮ ಕಡೆಯದು. ಮುರಿದು ಪುಡಿಯಾದರೂ ಚಿಂತೆಯಿಲ್ಲ, ಮೊಸರಿನಲ್ಲಿ ನೆನೆಸಿದರೆ ಆಯಿತು. ಬೆಳಗಿನ ತಿಂಡಿಗೆ ದುಡ್ಡು ಕೊಟ್ಟಿದ್ದು ಕಮ್ಮಿಯೇ. ಉಪ್ಪಿನಕಾಯಿ ಮಾತ್ರ ಬೇಡ. ಎಣ್ಣೆ-ನೀರಿನ ಪದಾರ್ಥ ಕೈಚೀಲದಲ್ಲಿ 100 ಮಿಲಿಲೀಟರ್ ದಾಟುವ ಹಾಗಿಲ್ಲ, ಅಗ್ಗದ ಟಿಕೆಟ್ಟಿನಲ್ಲಿ ಸಿಗುವುದೇ ಏಳು ಕಿಲೋ ಕೈಚೀಲ.

ವಿಯೆಟ್ನಾಮಿನಲ್ಲಿ ಬೈಕು ಬಾಡಿಗೆಗೆ ಬಹಳ ಅಗ್ಗ ಸಿಗುತ್ತದೆ. ನಾನು ತೆಗೆದುಕೊಳ್ಳುವುದಿಲ್ಲ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಲೈಸೆನ್ಸ್ 1949ರ ರಸ್ತೆ ಸಂಚಾರ ಒಪ್ಪಂದದ ಪ್ರಕಾರದ್ದು, ವಿಯೆಟ್ನಾಂ ಒಪ್ಪುವುದು 1968ರದ್ದು. ಬಿದ್ದು ಕಾಲು ಮುರಿದರೆ ಇನ್ಶೂರೆನ್ಸಿನವರು ಮೊದಲು ಕೇಳುವುದೇ ಲೈಸೆನ್ಸು. ಹೊಯ್ ಆನ್‌ನಲ್ಲಿ ಸೈಕಲ್ ಸಾಕು.

ಹಾಗಂತ ಎಲ್ಲದರಲ್ಲೂ ಉಳಿಸಬಾರದು. ಹೊಯ್ ಆನ್‌ನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಮೀ ಸೋನ್ ಇದೆ. ಹಿಂದೆ ಆ ಭಾಗವನ್ನು ಆಳಿದ ಚಂಪಾ ರಾಜರು ಕಟ್ಟಿಸಿದ ಇಟ್ಟಿಗೆಯ ಶಿವಾಲಯಗಳು, ನಾಲ್ಕನೇ ಶತಮಾನದಿಂದ ಹದಿಮೂರರವರೆಗಿನವು. ಟಿಕೆಟ್ ಕೇಳಿ ಬಾಗಿಲಲ್ಲೇ ವಾಪಸ್ ಹೋದವರನ್ನು ನೋಡಿದ್ದೇನೆ. ವಿಮಾನಕ್ಕೆ ಇಪ್ಪತ್ತು ಸಾವಿರ ಕೊಟ್ಟು ಬಂದು ಐನೂರಕ್ಕೆ ಹಿಂದೆ ಮುಂದೆ ನೋಡುವುದು ಯಾವ ಲೆಕ್ಕ? 1969ರಲ್ಲಿ ಅಮೆರಿಕದ ಬಾಂಬು ಬಿದ್ದು ಇಲ್ಲಿನ ದೊಡ್ಡ ಗುಡಿಯೇ ನೆಲಸಮವಾಯಿತು. ಗುಂಡಿಗಳು ಈಗಲೂ ಕಾಣುತ್ತವೆ, ಹುಲ್ಲು ಬೆಳೆದಿದೆ. ಕೆಲವು ಗುಡಿಗಳನ್ನು ರಿಪೇರಿ ಮಾಡಿದ್ದು ನಮ್ಮ ಪುರಾತತ್ವ ಇಲಾಖೆಯವರು. ಅವರು ಕೆಲಸ ಮಾಡುವಾಗಲೇ, 2020ರ ಮೇ ತಿಂಗಳಲ್ಲಿ, ಮಣ್ಣಿನೊಳಗಿಂದ ಏಕಶಿಲೆಯ ಶಿವಲಿಂಗ ಸಿಕ್ಕಿತ್ತು. ಇದನ್ನು ಊರಲ್ಲಿ ಹೇಳಿದರೆ, “ಮೊದಲು ನಮ್ಮ ಮಸ್ಕಿ ಶಾಸನ ನೋಡಿ ಬಾರೋ” ಅನ್ನುವವರು ಒಬ್ಬರಾದರೂ ಇರುತ್ತಾರೆ. ನೋಡಿದ್ದೇನೆ ಮಾರಾಯರೇ. ಹಾಗೆ ಹೇಳುವವರಲ್ಲಿ ಎಷ್ಟು ಜನ ನೋಡಿದ್ದಾರೋ!

ಇಷ್ಟೆಲ್ಲ ಕೇಳಿದ ಮೇಲೆ ಬರುವ ಪ್ರಶ್ನೆ: “ಯುರೋಪಿಗೆ ಯಾವಾಗ?” ಸದ್ಯಕ್ಕಿಲ್ಲ. ಅಲ್ಲಿನ ಹೆಚ್ಚಿನ ದೇಶಗಳಿಗೆ ಬೇಕಾದ ಶೆಂಗೆನ್ ವೀಸಾ ಶುಲ್ಕವೇ 90 ಯುರೋ. ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಬೇಡ ಅಂದರೂ ಆ ದುಡ್ಡು ವಾಪಸ್ ಬರುವುದಿಲ್ಲ. ನನ್ನ ಆರ್‌ಡಿಯಲ್ಲಿ ಅದು ಎರಡು ತಿಂಗಳ ಕಂತಿಗಿಂತ ಜಾಸ್ತಿ, ಹೊಯ್ ಆನ್‌ನಲ್ಲಾದರೆ ಹತ್ತು ರಾತ್ರಿಯ ರೂಮು ಬಾಡಿಗೆ.