ಮೊರೊಗೊರೊದ ಹೆಗ್ಗಣಗಳು, ಗದಗದ ಶೇಂಗಾ

"ಅದು ಪರೀಕ್ಷೆಯಲ್ಲಿ ಫೇಲ್ ಆಗಿತ್ತಾ?"

ಪಕ್ಕದ ಮನೆಯ ಹುಡುಗಿ ಹೀಗೆ ಕೇಳಿದಾಗ ನನಗೆ ತಕ್ಷಣ ಅರ್ಥವಾಗಲಿಲ್ಲ. ನಾನು ಈಗ ಇರುವ ತಾಂಜಾನಿಯಾದ ಮೊರೊಗೊರೊದಿಂದ ಊರಿಗೆ ವಿಡಿಯೊ ಕಾಲ್ ಮಾಡಿದ್ದೆ. ಗದಗದ ಹತ್ತಿರ ನಮ್ಮ ಹಳ್ಳಿ. ಶೇಂಗಾ ಕಿತ್ತು ಒಣಹಾಕಿದ್ದ ಸಮಯ. ಚೀಲಗಳ ಹಿಂದೆ ಬಿಲ ತೋಡಿದ್ದ ಹೆಗ್ಗಣವೊಂದು ಪಾಷಾಣ ತಿಂದು ಸತ್ತಿತ್ತು. ಅವ್ವ ಅದನ್ನು ಫೋನಿನ ಮುಂದೆ ಹಿಡಿದು ತೋರಿಸುತ್ತಿದ್ದಳು. ನನ್ನ ಪಕ್ಕದಲ್ಲಿ ಕೂತಿದ್ದ ಹುಡುಗಿ ಬಗ್ಗಿ ನೋಡಿದಳು.

ಈ ಹುಡುಗಿಯ ತಾಯಿ ಹೆಗ್ಗಣಗಳಿಗೆ ನೆಲಬಾಂಬ್ ಹುಡುಕುವ ಪಾಠ ಹೇಳುವ ಕೆಲಸದಲ್ಲಿದ್ದಾಳೆ. ಯಾವುದು ಪಾಸಾಯಿತು, ಯಾವುದಕ್ಕೆ ಇನ್ನೊಮ್ಮೆ ಅಭ್ಯಾಸ ಬೇಕು ಅನ್ನುವುದು ಅವರ ಮನೆಯ ರಾತ್ರಿ ಊಟದ ಮಾತು. ಹೆಗ್ಗಣ ಅಂದರೆ ಓದುವ, ಆಮೇಲೆ ಕೆಲಸಕ್ಕೆ ಹೋಗುವ ಜೀವ ಎಂದೇ ಆ ಮಗುವಿಗೆ ಗೊತ್ತು. ಅದನ್ನು ಯಾಕೆ ಕೊಂದರು ಅನ್ನುವುದಕ್ಕೆ ಅವಳಿಗೆ ಬೇರೆ ಕಾರಣ ಹೊಳೆಯಲಿಲ್ಲ.

ನಾನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. "ವರ್ಷಪೂರ್ತಿ ದುಡಿದದ್ದು ಅದರ ಹೊಟ್ಟಿಗೆ ಹೋದ್ರ ನಾವೇನ್ ತಿನ್ನೂದು, ಕೇಳು ಆ ಹುಡುಗೀನ" ಎಂದಳು ಅವ್ವ. ಅವಳ ಮಾತು ಸರಿ. ಹೊಲ ಮಾಡುವವರ ಕಷ್ಟ ನನಗೂ ಗೊತ್ತು. ಆದರೂ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ನಮ್ಮಲ್ಲಿ ಶೇಂಗಾ ಕದ್ದಿದ್ದಕ್ಕೆ ಹೆಗ್ಗಣ ಸಾಯುತ್ತದೆ. ಇಲ್ಲಿ ಅದೇ ಶೇಂಗಾ ಕೈಯಲ್ಲಿ ಹಿಡಿದು ಕೊಟ್ಟು, ಅದರಿಂದ ಮನುಷ್ಯರ ಜೀವ ಉಳಿಸುವ ಕೆಲಸ ಮಾಡಿಸುತ್ತಾರೆ.

ಇಲ್ಲಿನ ಸೊಕೊಯಿನೆ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಅಪೋಪೊ ಸಂಸ್ಥೆಯ ತರಬೇತಿ ಕೇಂದ್ರವಿದೆ. ಬೆಲ್ಜಿಯಂನ ಬಾರ್ಟ್ ವೀಟ್ಯೆನ್ಸ್ ಎನ್ನುವವರು 1997ರಲ್ಲಿ ಈ ಕೆಲಸ ಶುರು ಮಾಡಿದರು. ಚಿಕ್ಕಂದಿನಲ್ಲಿ ಅವರು ಇಲಿಗಳನ್ನು ಸಾಕಿದ್ದರಂತೆ. ಅವುಗಳ ಮೂಗು ಎಷ್ಟು ಚುರುಕು ಅಂತ ಆಗಲೇ ಗೊತ್ತಿತ್ತು. ನೆಲಬಾಂಬ್ ಹುಡುಕಲು ಅವರು ಆರಿಸಿದ್ದು ಆಫ್ರಿಕಾದ ದೊಡ್ಡ ಚೀಲಗೆನ್ನೆಯ ಇಲಿಯನ್ನು. ನೋಡಿದರೆ ನಮ್ಮವರು ಹೆಗ್ಗಣ ಅಂತಲೇ ಅನ್ನುತ್ತಾರೆ, ಅದಕ್ಕೇ ನಾನೂ ಹಾಗೇ ಕರೆಯುತ್ತೇನೆ. ತೂಕ ಒಂದು ಕಿಲೊ, ಒಂದೂವರೆ ಕಿಲೊ. ಬಾಂಬ್ ಮೇಲೆ ಓಡಾಡಿದರೂ ಸಿಡಿಯದಷ್ಟು ಹಗುರ.

ಮರಿ ಕಣ್ಣು ಬಿಟ್ಟು ಸ್ವಲ್ಪ ದಿನಕ್ಕೇ ಅದನ್ನು ಹೊರಗೆ ಎತ್ತಿಕೊಂಡು ಓಡಾಡುತ್ತಾರೆ. ಜನರ ಮಾತು, ಗಾಡಿಯ ಸದ್ದು, ಒದ್ದೆ ಹುಲ್ಲು ಎಲ್ಲ ರೂಢಿಯಾಗಬೇಕು. ಆಮೇಲೆ ಮೊದಲ ಪಾಠ: ಕೈಯಲ್ಲಿರುವ ಚಿಕ್ಕ ಕ್ಲಿಕ್ಕರ್ "ಟಿಕ್" ಎಂದರೆ ತಿನ್ನಲು ಸಿಗುತ್ತದೆ. ಬಾಳೆಹಣ್ಣು, ಶೇಂಗಾ. ಇಷ್ಟು ತಿಳಿದ ಮೇಲೆ ಟಿಎನ್‌ಟಿ ಸ್ಫೋಟಕದ ವಾಸನೆ. ಚಹಾ ಸೋಸುವ ಜಾಲರಿ ಉಂಡೆಯೊಳಗೆ ಅದನ್ನು ಇಟ್ಟು ಹುಡುಕಲು ಬಿಡುತ್ತಾರೆ. ಸರಿಯಾದದ್ದರ ಮೇಲೆ ಮೂಗಿಟ್ಟು ನಿಂತರೆ ಟಿಕ್, ಬಾಳೆಹಣ್ಣು. ಬೇರೆ ವಾಸನೆಯ ಮೇಲೆ ನಿಂತರೆ ಏನೂ ಇಲ್ಲ. ಹೊಡೆತ ಇಲ್ಲ, ಗದರುವುದೂ ಇಲ್ಲ. ಪಕ್ಕದ ಮನೆಯಾಕೆ ಇದನ್ನು ಬಹಳ ಒತ್ತಿ ಹೇಳಿದಳು. ಹೆದರಿದ ಇಲಿ ಮೂಸುವುದೇ ಇಲ್ಲ. ಟಿಕ್ ಸದ್ದು ಒಂದು ಕ್ಷಣ ತಡವಾದರೂ ಇಲಿ ತಪ್ಪು ಕಲಿಯುತ್ತದೆ, ಆ ತಪ್ಪು ಕಲಿಸುವವಳದ್ದು.

ನಂತರ ಮಣ್ಣು. ನಿಷ್ಕ್ರಿಯಗೊಳಿಸಿದ ನಿಜವಾದ ಬಾಂಬ್‌ಗಳನ್ನು ಹೂತ ಬಯಲಿನಲ್ಲಿ ಅಭ್ಯಾಸ ನಡೆಯುತ್ತದೆ. ಇಬ್ಬರು ಎದುರುಬದುರು ನಿಂತು ಹಗ್ಗ ಹಿಡಿಯುತ್ತಾರೆ. ಸೊಂಟಪಟ್ಟಿ ಕಟ್ಟಿದ ಇಲಿ ಆ ಹಗ್ಗದ ಗುಂಟ ಆಚೆಗೆ ಈಚೆಗೆ ಮೂಸುತ್ತ ಹೋಗುತ್ತದೆ. ವಾಸನೆ ಸಿಕ್ಕಲ್ಲಿ ನೆಲ ಕೆರೆಯುತ್ತದೆ. ಎಲ್ಲ ಮುಗಿಯಲು ಒಂಬತ್ತು ತಿಂಗಳು, ಒಂದು ವರ್ಷ ಬೇಕು. ಕೊನೆಯ ಪರೀಕ್ಷೆಯಲ್ಲಿ ಬಾಂಬ್ ಎಲ್ಲಿದೆ ಅಂತ ಹಗ್ಗ ಹಿಡಿದವರಿಗೂ ಗೊತ್ತಿರುವುದಿಲ್ಲ.

ನನ್ನ ಮನಸ್ಸಿಗೆ ತುಂಬ ತಟ್ಟಿದ್ದು ಇದರ ಮುಂದಿನ ಮಾತು. ನಿಜವಾಗಿ ಬಾಂಬ್ ಹೂತಿರುವ ಹೊಲದಲ್ಲಿ ಇಲಿ ನೆಲ ಕೆರೆದಾಗ ಅದು ಸರಿಯೋ ತಪ್ಪೋ ಆ ಕ್ಷಣಕ್ಕೆ ಯಾರಿಗೂ ತಿಳಿಯದು. ಹಾಗಾಗಿ ಅಲ್ಲಿ ಟಿಕ್ ಇಲ್ಲ, ಬಾಳೆಹಣ್ಣೂ ಇಲ್ಲ. ಉತ್ತರ ಗೊತ್ತಿರುವ ಅಭ್ಯಾಸದ ಜಾಗದಲ್ಲಿ ಮಾತ್ರ ಬಹುಮಾನ. ಹಳೆಯ ಪಾಠದ ಬಲದ ಮೇಲೆಯೇ ಅದು ಅಲ್ಲಿ ಕೆಲಸ ಮಾಡುತ್ತದೆ.

ಮೆಟಲ್ ಡಿಟೆಕ್ಟರ್ ಹಳೇ ಮೊಳೆಗೂ ಡಬ್ಬಿ ಮುಚ್ಚಳಕ್ಕೂ ಕೂಗುತ್ತದೆ. ಇಲಿ ಸ್ಫೋಟಕವನ್ನು ಮಾತ್ರ ಹುಡುಕುತ್ತದೆ. ಟೆನಿಸ್ ಅಂಗಳದಷ್ಟು ಜಾಗವನ್ನು ಅದು ಅರ್ಧ ಗಂಟೆಯಲ್ಲಿ ಮುಗಿಸಿದರೆ, ಡಿಟೆಕ್ಟರ್ ಹಿಡಿದ ಮನುಷ್ಯನಿಗೆ ನಾಲ್ಕು ದಿನದವರೆಗೂ ಬೇಕಾಗಬಹುದು. ಈ ಊರಿನಲ್ಲಿ ಕಲಿತ ಮಗಾವಾ ಎನ್ನುವ ಇಲಿ ಕಾಂಬೋಡಿಯಾದಲ್ಲಿ 100ಕ್ಕೂ ಹೆಚ್ಚು ಬಾಂಬ್ ಮತ್ತು ಸ್ಫೋಟಕಗಳನ್ನು ಪತ್ತೆ ಮಾಡಿತು. 2020ರಲ್ಲಿ ಬ್ರಿಟನ್ನಿನ ಪಿಡಿಎಸ್‌ಎ ಎನ್ನುವ ಪ್ರಾಣಿ ದಯಾ ಸಂಸ್ಥೆ ಅದಕ್ಕೆ ಚಿನ್ನದ ಪದಕ ಕೊಟ್ಟಿತು. 2022ರಲ್ಲಿ ಅದು ವಯಸ್ಸಾಗಿ ತೀರಿಕೊಂಡಿತು. ಕಾಂಬೋಡಿಯಾದಲ್ಲೇ ಕೆಲಸ ಮಾಡಿದ ರೋನಿನ್ ಎನ್ನುವ ಇಲಿ 109 ನೆಲಬಾಂಬ್ ಹುಡುಕಿ 2025ರಲ್ಲಿ ಗಿನ್ನೆಸ್ ದಾಖಲೆ ಸೇರಿತು. ಹುಡುಗಿ ಇವರಿಬ್ಬರ ಬಗ್ಗೆ ಹೇಳುವಾಗ ದುಬೈಗೆ ಹೋದ ಅಣ್ಣಂದಿರ ಬಗ್ಗೆ ನಮ್ಮೂರಿನ ಮಕ್ಕಳು ಹೇಳುವ ಹೆಮ್ಮೆ ಕಾಣುತ್ತದೆ.

ಇದನ್ನೆಲ್ಲ ಕೇಳುವಾಗ ನನಗೆ ಕಾಕಾ ನೆನಪಾದ. ಕಾಕಾ ಸೈನ್ಯದಲ್ಲಿದ್ದ. ಸಂಸತ್ತಿನ ಮೇಲೆ ದಾಳಿಯಾದ ನಂತರ, 2001ರ ಕೊನೆಯಿಂದ 2002ರವರೆಗೆ ಆಪರೇಷನ್ ಪರಾಕ್ರಮ್ ನಡೆಯಿತಲ್ಲ, ಆಗ ರಾಜಸ್ಥಾನದ ಗಡಿಯಲ್ಲಿದ್ದ. ಪಂಜಾಬ್, ರಾಜಸ್ಥಾನದ ಗಡಿ ಹೊಲಗಳಲ್ಲಿ ಆಗ ರಾಶಿ ನೆಲಬಾಂಬ್ ಹೂತರು. ಯುದ್ಧ ಆಗಲಿಲ್ಲ. ಆದರೆ ಹೂಳುವಾಗ, ತೆಗೆಯುವಾಗ ಸೈನಿಕರು ಸತ್ತರು. ರೈತರು ಕಾಲು ಕಳೆದುಕೊಂಡರು. ಕಾಕಾ ಊರಿಗೆ ಬಂದಾಗ ಬೇರೆ ಎಲ್ಲ ಕತೆ ಹೇಳುತ್ತಿದ್ದ, ಇದೊಂದನ್ನು ಬಿಟ್ಟು.

ನೆಲಬಾಂಬ್ ನಿಷೇಧದ ಒಟ್ಟಾವಾ ಒಪ್ಪಂದ 1997ರಲ್ಲಿ ಆಯಿತು. ತಾಂಜಾನಿಯಾ, ಕಾಂಬೋಡಿಯಾ ಎರಡೂ ಅದರಲ್ಲಿವೆ. ಭಾರತ ಇಲ್ಲ. ನಮ್ಮ ಗಡಿ ಉದ್ದ, ಪಾಕಿಸ್ತಾನ, ಚೀನಾ ಕೂಡ ಸೇರಿಲ್ಲ ಅನ್ನುವುದು ಗೊತ್ತು. ಆದರೂ ನನಗೆ ಇದು ನೋವಿನ ವಿಷಯ. ಹೂತವನಿಗೆ ಆಮೇಲೆ ಎಲ್ಲಿದೆ ಅಂತ ಹೇಳಲಾಗದ ಆಯುಧವನ್ನು ಇಟ್ಟುಕೊಳ್ಳಬಾರದು ಅನ್ನುವ ನನ್ನ ಅಭಿಪ್ರಾಯ ಇಲ್ಲಿಗೆ ಬಂದ ಮೇಲೆ ಗಟ್ಟಿಯಾಗಿದೆ.

ಕಳೆದ ಭಾನುವಾರ ಕಾಕಾನಿಗೆ ಫೋನ್ ಮಾಡಿ ಇಲಿಗಳ ಬಗ್ಗೆ ಹೇಳಿದೆ. ನಗುತ್ತಾನೆ ಅಂದುಕೊಂಡಿದ್ದೆ, ನಗಲಿಲ್ಲ. ನಕ್ಷೆಯಲ್ಲಿ ಒಂದು ಕಡೆ ಇದ್ದದ್ದು ಮರಳು ಸರಿದು ಇನ್ನೊಂದು ಕಡೆ ಸಿಗುತ್ತಿತ್ತು ಎಂದ. ಆಮೇಲೆ ಒಂದರ ಹಿಂದೆ ಒಂದು ಪ್ರಶ್ನೆ. ಮರಳಿನ್ಯಾಗ ವಾಸನಿ ಎಷ್ಟು ಆಳದಿಂದ ಬರತೈತಿ? ಬಿಸಿಲು ಜಾಸ್ತಿ ಆದ್ರ ಏನ್ ಮಾಡ್ತಾರ? ಬಿಸಿಲಿನದ್ದಕ್ಕೆ ನಾನೇ ಉತ್ತರ ಕೊಟ್ಟೆ: ಇವು ರಾತ್ರಿ ಸಂಚರಿಸುವ ಜೀವಿಗಳು, ಹಾಗಾಗಿ ಬೆಳಗಿನ ಜಾವವೇ ಕೆಲಸ, ಕಿವಿಗೆ ಬಾಲಕ್ಕೆ ಸನ್‌ಸ್ಕ್ರೀನ್ ಹಚ್ಚುತ್ತಾರೆ. ಉಳಿದದ್ದನ್ನು ಬರೆದುಕೊಂಡು ಪಕ್ಕದ ಮನೆಗೆ ಕೊಟ್ಟಿದ್ದೇನೆ.